ಎರಡು ಸಾಲಿನ ತಂತ್ರಾಂಶ

ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ದೊಡ್ಡ ತಂತ್ರಾಂಶವೊಂದನ್ನು ತೆರೆಯಲು ಹೇಳಿ ಚಹಾಕ್ಕಿಟ್ಟರೆ, ಚಹಾ ಕುದಿದು, ಸೋಸಿ, ಕುಡಿದು, ಲೋಟ ತೊಳೆದಿಟ್ಟು ಬಂದಾಗಲೂ ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇರುತ್ತದೆ. ಬೆರಳುದ್ದದ ಎಲೆಕ್ಟ್ರಾನಿಕ್ ಬೋರ್ಡಿಗೆ ನಾಲ್ಕು ಮಾತು ಕಲಿಸಲು ಇಷ್ಟೊಂದು ಆಡಂಬರವೇಕೆ ಎಂದು ನಿಮಗೂ ಅನ್ನಿಸೀತು. ನನಗೆ ಅನ್ನಿಸಿದ್ದರಿಂದಲೇ ಹಗುರವಾದ, ಪುಕ್ಕಟೆ ಸಿಗುವ ಇನ್ನೊಂದನ್ನು ಹುಡುಕಿಕೊಂಡೆ. ಅದಕ್ಕೆ ಚಿತ್ರಗಳಿಲ್ಲ, ಗುಂಡಿಗಳಿಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಬರೆದರೆ ಪ್ರೋಗ್ರಾಂ ಸಿದ್ಧ, ಇನ್ನೊಂದು ಸಾಲು ಬರೆದರೆ ಅದು ತಂತಿಯ ಮೂಲಕ ಬೋರ್ಡಿನೊಳಗೆ ಇಳಿಯುತ್ತದೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿ, ಪದವಿ ಹಿಡಿದುಕೊಂಡೇ ಇಳಿದವನು ನಾನೊಬ್ಬನೇ. ಗಣಿತವನ್ನು ಮೂರನೆಯ ಸಲಕ್ಕೆ ಗೆದ್ದೆನೆಂಬುದನ್ನೂ ಮುಚ್ಚಿಡುವುದಿಲ್ಲ. ಈಗ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿದ್ದು ಡಿಪ್ಲೊಮಾ ಮಕ್ಕಳಿಗೆ ಪಾಠ ಹೇಳುತ್ತೇನೆ. ಆ ಅಭಿಮಾನದಿಂದಲೇ ಕಮಲಾಪುರದ ಸಣ್ಣವ್ವನಿಗೆ, ಎಂದರೆ ನನ್ನ ತಾಯಿಯ ತಂಗಿಗೆ, ಆ ಹಗುರ ತಂತ್ರಾಂಶದಿಂದಲೇ ಕಲಿಸಿದ ಬೋರ್ಡನ್ನು ಕೂರಿಸಿ ಒಂದು ಡಬ್ಬಿ ಮಾಡಿಕೊಟ್ಟೆ.

ಸಣ್ಣವ್ವ ಕೆಂಪು ಬಾಳೆ ಬೆಳೆಯುತ್ತಾಳೆ. ಇಷ್ಟು ವರ್ಷ ಕಾಯಿಯನ್ನೇ ವ್ಯಾಪಾರಿಗೆ ಕೊಡುತ್ತಿದ್ದವಳು, ಈ ಸಲ ತಾನೇ ಕೋಣೆಯಲ್ಲಿ ಹಣ್ಣು ಮಾಡಿ ಕಲಬುರಗಿಯ ಸೇಡಂ ರಸ್ತೆಯ ಒಂದು ಅಂಗಡಿಗೆ ಕಳಿಸುವುದಾಗಿ ಮಾತು ಕೊಟ್ಟಿದ್ದಳು. ಮೊದಲ ಮಾಲು ಕೆಟ್ಟರೆ ಅಂಗಡಿಯವರು ಮತ್ತೆ ಕೇಳುವುದಿಲ್ಲ. ಕೋಣೆಯ ತೇವ ಮಿತಿ ಮೀರಿದರೆ ನನ್ನ ಡಬ್ಬಿ ಕೂಗಬೇಕು. ಆಗ ಅವಳು ಬಾಗಿಲು ತೆರೆಯಬೇಕು. ಇಷ್ಟೇ ಏರ್ಪಾಡು.

ಡಬ್ಬಿ ಕೂರಿಸಿ ಬಂದ ಮರುದಿನವೇ ಫೋನು ಬಂತು. "ತಮ್ಮಾ, ನಿನ್ನ ಡಬ್ಬಿ ಮುಂಜಾನಿಂದ ಒಂದೇ ಸಮ ಒದರಾಕತ್ತದ. ಬಾಗಲಾ ತೆರದೀನಿ, ಕಿಡಕಿ ತೆರದೀನಿ. ಇನ್ನೇನ್ ಗ್ವಾಡಿ ಕೆಡವಲೇನು?"

ಮಧ್ಯಾಹ್ನದ ಹೊತ್ತಿಗೆ ಅದು ತಾನಾಗಿಯೇ ಸುಮ್ಮನಾಯಿತು. ಮರುದಿನ ಬೆಳಿಗ್ಗೆ ಮತ್ತೆ ಅದೇ ರೋದನ, ಅದರ ಮರುದಿನವೂ. ಬಾಗಿಲು ತೆರೆದೂ ತೆರೆದೂ ಕೋಣೆ ಒಣಗಿ, ಹೊರಸಾಲಿನ ಗೊನೆಗಳ ಸಿಪ್ಪೆ ಸುಕ್ಕುಗಟ್ಟತೊಡಗಿತು. ಸಹೋದ್ಯೋಗಿಯೊಬ್ಬರು, "ಪುಕ್ಕಟೆ ಸಾಫ್ಟ್‌ವೇರ್ ನಂಬಿ ಕುಂತರ ಹಿಂಗಽ ನೋಡ್ರೀ ಸರ್" ಎಂದರು. ನಾನು ನಂಬಿಬಿಟ್ಟೆ. ದೊಡ್ಡ ತಂತ್ರಾಂಶವನ್ನು ಮತ್ತೆ ತಂದು ಕೂರಿಸಿಕೊಂಡು ಕಮಲಾಪುರಕ್ಕೆ ಹೋಗಿ, ಅದರಿಂದಲೇ ಪ್ರೋಗ್ರಾಂ ಇಳಿಸಿ ಬಂದೆ. ಮರುದಿನ ಬೆಳಿಗ್ಗೆ ಡಬ್ಬಿ ಮೊದಲಿನಷ್ಟೇ ನಿಷ್ಠೆಯಿಂದ ಕೂಗಿತು.

ಅದರ ಮಾರನೆಯ ದಿನ ಮೊದಲ ಬಸ್ಸಿಗೇ ಹೋಗಿ ಆ ಕೋಣೆಯಲ್ಲಿ ಕುಳಿತೆ. ಸಣ್ಣವ್ವ ಸ್ನಾನ, ಪೂಜೆ ಮುಗಿಸಿ, ಮೂರು ಬೆರಳಿಗೆ ಒದ್ದೆ ವಿಭೂತಿ ಹಚ್ಚಿಕೊಂಡು ಬಂದಳು. ಬಾಗಿಲ ಚೌಕಟ್ಟಿಗೆ ಎಳೆದಳು, ತಕ್ಕಡಿಗೆ ಎಳೆದಳು, ಕೊನೆಗೆ ಭಕ್ತಿಯಿಂದ ಡಬ್ಬಿಯ ಮುಂದೆ ನಿಂತು, ತೇವ ಅಳೆಯುವ ಸೆನ್ಸರಿನ ಸಣ್ಣ ಜಾಲರಿಯ ಮೇಲೆಯೇ ಮೂರು ಪಟ್ಟೆ ಬಳಿದಳು. ಡಬ್ಬಿ ಒದರತೊಡಗಿತು.

"ನೋಡ್, ಶುರು ಆತು" ಎಂದಳು.

"ಸಣ್ಣವ್ವಾ, ಅದು ಅದರ ಮೂಗು. ಒದ್ದೆ ವಿಭೂತಿ ಆರೋತನಕ ಅದಕ್ಕ ಕೋಣಿ ತುಂಬ ನೀರಽ ಅನಸ್ತದ."

ಅವಳು ಸೆರಗಿನಿಂದ ಒರೆಸಲು ಹೋಗಿ ಕೈ ಹಿಂತೆಗೆದಳು. "ಅಯ್ಯ, ದಿನಾ ಉಸರ ಕಟ್ಟಿಸಿದೆನಲ್ಲೋ. ನೀ ಓದಿದಾಂವ, ಮೂಗು ಯಾವ್ದು ಹಣಿ ಯಾವ್ದು ಮೊದಲಽ ಹೇಳಬಾರದೇನು?"

ಹೇಳಬೇಕಿತ್ತು. ಅದಕ್ಕಿಂತ ಮೊದಲು, ಬೆಳಿಗ್ಗೆ ಡಬ್ಬಿಯ ಬಳಿ ಏನು ಮಾಡುತ್ತೀ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಮನೆಯಲ್ಲಿ ಮೊದಲು ಓದಿದವರಿಗೆ ಇದೊಂದು ವ್ಯಾಧಿ: ಎಲ್ಲೋ ತಪ್ಪು ಕಂಡೊಡನೆ ನಮ್ಮ ಕೈಯ ಉಪಕರಣವನ್ನು ಅನುಮಾನಿಸುತ್ತೇವೆ, ಆಮೇಲೆ ನಮ್ಮ ವಿದ್ಯೆಯನ್ನು, ದೊಡ್ಡದು ಬೇಕಿತ್ತೇನೋ, ನಮ್ಮದು ಸಾಲದೇನೋ ಎಂದು ಕೊರಗುತ್ತೇವೆ. ನಾಲ್ಕು ದಿನ ನಾನು ಶಂಕಿಸಿದ್ದು ಆ ಎರಡು ಸಾಲನ್ನಲ್ಲ, ಮೂರನೆಯ ಸಲಕ್ಕೆ ಗೆದ್ದ ಆ ಗಣಿತವನ್ನು.

ಸೆನ್ಸರು ಬದಲಿಸಿದೆ. ಹೊರಸಾಲಿನ ಗೊನೆಗಳು ಕೈಬಿಟ್ಟುಹೋದವು. ಒಳಗಿನವು ಹಣ್ಣಾಗಿ ಸೇಡಂ ರಸ್ತೆಗೆ ಹೋದವು. ಅಂಗಡಿಯವರು ಕಡಿಮೆ ಬಂದುದಕ್ಕೆ ಗೊಣಗಿ, ಮುಂದಿನ ಮಾಲು ಯಾವಾಗ ಎಂದು ಕೇಳಿದರು.

ಆ ಮುಂದಿನ ಮಾಲಿಗೆ ತೇವದ ಮಿತಿ ಸ್ವಲ್ಪ ಏರಿಸಬೇಕಿತ್ತು. ನಾನು ಅಂಕಿ ತಿದ್ದಿ, ಹಗುರ ತಂತ್ರಾಂಶವನ್ನೇ ತೆರೆದು, ಲ್ಯಾಪ್‌ಟಾಪನ್ನು ಸಣ್ಣವ್ವನ ಮುಂದಿಟ್ಟು ಒತ್ತಬೇಕಾದ ಕೀಲಿ ತೋರಿಸಿದೆ. ಅವಳು ಕೈ ಒರೆಸಿಕೊಂಡು ಒತ್ತಿದಳು. ಬೋರ್ಡಿನ ದೀಪ ಪಟಪಟ ಮಿಟುಕಿ ನಿಂತಿತು.

"ಇಷ್ಟಽ ಏನು?"

"ಇಷ್ಟಽ."

"ಇಷ್ಟಕ್ಕ ಅಷ್ಟು ವರ್ಷ ಓದಿದೇನು?"

ಹೌದೆಂದೆ. ಹಾಗೆನ್ನಲು ನನಗೆ ಅಂದು ಸಂಕೋಚವಾಗಲಿಲ್ಲ.