ಹಾರೋಹಳ್ಳಿಯಲ್ಲಿ ಲೋಡ್ ಟೆಸ್ಟ್

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ದಾರಿ ತಪ್ಪಿ, ಟೀ ಅಂಗಡಿಯಲ್ಲಿ ಕಾರ್ಖಾನೆಯ ಹೆಸರು ಹೇಳಿದೆ. ಗೊತ್ತಿಲ್ಲ ಅಂದರು. "ಲೋಡ್ ಟೆಸ್ಟ್ ಮಾಡಬೇಕಿತ್ತು" ಅಂದೆ. ತಕ್ಷಣ ಕೈ ತೋರಿಸಿದರು. ಹೋಗಿ ನೋಡಿದರೆ ಕಲ್ಲಿನ ಲಾರಿ ತೂಗುವ ವೇಬ್ರಿಡ್ಜ್.

"ಗಾಡಿ ಎಲ್ಲೈತೆ ಮೇಡಂ?" ಅಂದ ತೂಕದವನು.

"ಗಾಡಿಯಲ್ಲಪ್ಪ, ಫೈಲು. ಕಾರ್ಖಾನೆಯ ಕಂಪ್ಯೂಟರೆಲ್ಲ ಒಂದೇ ಸರ್ವರಿನಿಂದ ಒಟ್ಟಿಗೆ ಫೈಲು ಎಳೆದರೆ ಅದು ತಡೆಯುತ್ತಾ ಅಂತ ನೋಡೋದು. ಊಟದ ಬಿಡುವು ಮುಗಿದರೆ ಮುಟ್ಟೋಕೂ ಬಿಡಲ್ಲ."

"ಫೈಲ್‌ಗೂ ಲೋಡ್ ಐತಾ?" ಅನ್ನುತ್ತಲೇ ಕಾರ್ಖಾನೆಯ ಹೆಸರು ಕೇಳಿಕೊಂಡು ಬೈಕಿನಲ್ಲಿ ಅಲ್ಲಿಗೆ ಬಿಟ್ಟ. "ಎಷ್ಟು ಬಂತು ಅಂತ ಒಸಿ ಹೇಳ್ಬುಟ್ಟು ಹೋಗಿ."

ನನ್ನ ಲ್ಯಾಪ್‌ಟಾಪಿನಲ್ಲಿದ್ದ ಪರೀಕ್ಷೆಯ ಸಾಫ್ಟ್‌ವೇರ್ ನಂಬಲಾಗದ ವೇಗ ತೋರಿಸಿತು. ತಲೆ ಕೆರೆದುಕೊಂಡು ನೋಡಿದರೆ ಅದು ಸರ್ವರ್ ತನಕ ಹೋಗಿಯೇ ಇಲ್ಲ. ಒಮ್ಮೆ ಓದಿದ ಫೈಲನ್ನೇ ಲ್ಯಾಪ್‌ಟಾಪಿನ ಮೆಮೊರಿಯಿಂದ ಮತ್ತೆ ಮತ್ತೆ ಒಪ್ಪಿಸುತ್ತಿದೆ. ಮೆಮೊರಿ ಖಾಲಿ ಮಾಡಿ ಓಡಿಸಿದೆ. ಬಿಡುವು ಮುಗಿಯುವ ಮೊದಲೇ ಸರ್ವರ್ ಹೊರೆ ತಡೆಯದೆ ಕೂತುಬಿಟ್ಟಿತು. ಅದರ ಮಿತಿ ಗೊತ್ತಾಯಿತಲ್ಲ, ಪರೀಕ್ಷೆ ಚೆನ್ನಾಗಿ ಆಯಿತು ಅಂದಾಗ ಕಾರ್ಖಾನೆಯ ಮ್ಯಾನೇಜರಿಗೆ ನನ್ನ ಮಾತು ಅರ್ಥವಾಗಲಿಲ್ಲ.

ತೂಕದವನಿಗೆ ಉತ್ತರ ಬಾಕಿ ಇತ್ತಲ್ಲ, ವಾಪಸು ಬರುವಾಗ ಆಟೋ ನಿಲ್ಲಿಸಿ ಹೇಳಿದೆ. "ತಡೆಯಲಿಲ್ಲ ಕಣಪ್ಪ, ಕೂತುಬಿಡ್ತು."

"ಹಂಗಾರೆ ಓವರ್‌ಲೋಡು. ಫೈನ್ ಯಾರ್ಗೆ ಹಾಕ್ತೀರಾ?"