ಬ್ರೇಕಕ್ಕನಿಗೆ ಸನ್ಮಾನ

ಬಸ್ ಡಿಪೋದವರ ಬಾಯಲ್ಲಿ ಅವಳ ಹೆಸರು ಎದುರಿಗೆ ಬ್ರೇಕಕ್ಕ, ಬೆನ್ನ ಹಿಂದೆ ಆಫ್ರಿಕಾ. ಆಫ್ರಿಕಾವನ್ನು ಅವಳಾಗಲಿ ಅವಳಜ್ಜಿಯಾಗಲಿ ಕಂಡವರಲ್ಲ. ಅಲ್ಲಿಂದ ಬಂದವನು ಅಜ್ಜಿಯ ತಾತ. ಅವನೂ ಟಿಕೆಟ್ ತೆಗೆಸಿ ಬಂದವನಲ್ಲ, ಸಂಕೋಲೆ ಹಾಕಿಸಿಕೊಂಡು ಬಂದವನು. ಊರಿನ ಬಂದರಿಗೆ ಕಲ್ಲು ಹೊತ್ತವರು ಅಂಥವರೇ. ಬಂದರಿನ ಬಾಗಿಲಲ್ಲಿ ಮಾತ್ರ ರಿಬ್ಬನ್ ಕತ್ತರಿಸಿದವರ ಹೆಸರಿದೆ.

ಬ್ರೇಕಕ್ಕ ಬಸ್ಸುಗಳ ಬ್ರೇಕ್ ಸರಿಮಾಡುವ ಮೆಕ್ಯಾನಿಕ್. ಅವಳ ಹತ್ತಿರ ಕೆಲಸ ಕಲಿತವರೆಲ್ಲ ಒಬ್ಬೊಬ್ಬರಾಗಿ ಫೋರ್ಮನ್ ಆದರು. ಅವಳ ಸರದಿ ಬಂದಾಗಲೆಲ್ಲ ಮ್ಯಾನೇಜರಿಗೆ ಅವಳ ಸ್ವಭಾವ ನೆನಪಾಗುತ್ತಿತ್ತು, ಬಾಯಿ ಜೋರಂತೆ. ಇಂಜಿನ್ನಿನ ಗದ್ದಲದಲ್ಲಿ ಪಿಸುಗುಟ್ಟಿದರೆ ಯಾರಿಗೆ ಕೇಳಬೇಕು, ಅದನ್ನವರು ಹೇಳಲಿಲ್ಲ.

ಹೀಗಿರುವಾಗ ಮೇಲಿನಿಂದ ಹುಕುಂ ಬಂತು: ಆಫ್ರಿಕಾ ಮೂಲದವರ ಕೊಡುಗೆ, ಹಕ್ಕುಗಳನ್ನು ಗೌರವಿಸುವ ದಿನ ಆಚರಿಸಿ, ಫೋಟೊ ಕಳಿಸಿ. ಮ್ಯಾನೇಜರು ತಾವೇ ಷೆಡ್ಡಿಗೆ ಇಳಿದು ಬಂದರು, ಬೂಟಿಗೆ ಗ್ರೀಸ್ ತಾಗದ ಹಾಗೆ.

"ನಿಮಗೆ ಸನ್ಮಾನ ಇಟ್ಕೊಂಡಿದೀವಿ ಕಣ್ರಮ್ಮ. ಹಾಗೇ ನಿಮ್ಮ ಕಡೇದು ಒಂದು ಡ್ಯಾನ್ಸ್ ಮಾಡಿಬಿಡಿ."

"ನಂಗೆ ಕುಣಿಯೋಕೆ ಬರಲ್ಲ ಸಾರ್. ಮಂಡಿನೋವು ಬೇರೆ."

"ನಿಮ್ಮವರಿಗೆ ಅದು ರಕ್ತದಲ್ಲೇ ಇರುತ್ತಂತಲ್ಲ?"

"ನನ್ ರಕ್ತದಲ್ಲಿರೋದು ಸಕ್ಕರೆ ಸಾರ್. ಡಾಕ್ಟ್ರು ನೋಡಿ ಹೇಳಿದಾರೆ."

ಸಮಾರಂಭದಲ್ಲಿ ಮ್ಯಾನೇಜರು ಸಮಾನತೆಯನ್ನು ಹಿಗ್ಗಾಮುಗ್ಗಾ ಹೊಗಳಿದರು. ಕ್ಯಾಮೆರಾದತ್ತ ನಗುತ್ತ ಫಲಕ ಕೊಟ್ಟು, "ನಿಮ್ಮ ಭಾಷೇಲಿ ಎರಡು ಮಾತಾಡಿ" ಎಂದು ಮೈಕು ಚಾಚಿದರು.

"ನನ್ ಭಾಷೆ ಇದೇ ಸಾರ್. ನಿಮಗೆ ಇಷ್ಟು ವರ್ಷ ಕೇಳಿಸದೆ ಇದ್ದದ್ದೂ ಇದೇ. ಫಲಕ ನೀವೇ ಇಟ್ಕೊಳ್ಳಿ, ನನಗೆ ಫೋರ್ಮನ್ ಕೆಲಸ ಕೊಡಿ. ಕೊಡದೆ ಇರೋಕೆ ಕಾರಣ ಇದ್ರೆ ಮೈಕು ಇಲ್ಲೇ ಇದೆ, ಹೇಳಿ."

ಹಿಂದಿನ ಸಾಲಿನ ಡ್ರೈವರುಗಳು ಚಪ್ಪಾಳೆ ತಟ್ಟತೊಡಗಿದರು. ಇಳಿಜಾರಿನಲ್ಲಿ ಅವರ ಪ್ರಾಣವಿದ್ದದ್ದು ಅವಳ ಕೈಯಲ್ಲಿ. ಮುಂದಿನ ಸಾಲಿನಲ್ಲಿ ಮೇಲಧಿಕಾರಿ ಕೂತಿದ್ದರು.

"ಪರಿಶೀಲಿಸೋಣ" ಎಂದರು ಮ್ಯಾನೇಜರು. ಚಪ್ಪಾಳೆ ನಿಲ್ಲಲಿಲ್ಲ.

"ಕೊಡೋಣ" ಎಂದರು, ಬೆವರು ಒರೆಸಿಕೊಳ್ಳುತ್ತ.

ಮನೆಯಲ್ಲಿ ಗಂಡ ಕೇಳಿದ: "ಭಯ ಆಗ್ಲಿಲ್ವೇನೇ?"

"ಆಗ್ದೆ ಏನು. ಅದಕ್ಕೇ ಒಂದೇ ಉಸಿರಿಗೆ ಹೇಳಿಬಿಟ್ಟೆ."

ಮನಸ್ಸಿದ್ದು ಕೊಟ್ಟರೋ ಇಲ್ಲದೆ ಕೊಟ್ಟರೋ, ಕೆಲಸವನ್ನಂತೂ ಕೊಟ್ಟರು. ತಾವೇ ಅವಳನ್ನು ಗುರುತಿಸಿ ಮೇಲೆತ್ತಿದ್ದೆಂದು ಮ್ಯಾನೇಜರು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಅವಳು ಫೋರ್ಮನ್ ಆದ ಮೊದಲ ಬೆಳಿಗ್ಗೆಯೇ ಬ್ರೇಕ್ ಸವೆದ ಬಸ್ಸೊಂದನ್ನು ರಸ್ತೆಗೆ ಬಿಡುವಂತೆ ಹೇಳಿಕಳಿಸಿದರು. ಅವಳು ಅದರ ಕೀ ತೆಗೆದು ಜೇಬಿಗೆ ಹಾಕಿಕೊಂಡಳು.

"ಸಾಹೇಬ್ರು ಮೊದಲು ಮನೆಮಂದಿನೆಲ್ಲ ಕೂರಿಸ್ಕೊಂಡು ಒಂದು ಸುತ್ತು ಹೋಗ್ಬರ್ಲಿ. ಆಮೇಲೆ ನೋಡೋಣ."

ಸಾಹೇಬರು ಬರಲಿಲ್ಲ. ಬಸ್ಸು ರಿಪೇರಿಗೆ ಹೋಯಿತು.