ಎಲ್ಲರೂ ನಿಂತಿರುವ ಫೋಟೊ

ಗೆಜ್ಜಲಗೆರೆಯ ಒಂದು ಕಾರ್ಖಾನೆಯ ಹೆಂಗಸರ ಕಬಡ್ಡಿ ತಂಡದ ಫೋಟೊ ತೆಗೆಯಲು ಹೋಗಿದ್ದೆ. ಕುಳ್ಳಗಿದ್ದ ಒಬ್ಬಳಿಗೆ ಮುಂದಿನ ಸಾಲಿನಲ್ಲಿ ಮಂಡಿಯೂರಿ ಕೂರಲು ಹೇಳಿದೆ. ಅವಳು ಕದಲಲಿಲ್ಲ. ಗದರಿದೆ.

ತಂಡದ ನಾಯಕಿ ಹತ್ತಿರ ಬಂದಳು. "ಮೆಲ್ಲಗೆ ಮಾತಾಡಣ್ಣ. ಓದ್ವರ್ಸ ಆಡ್ವಾಗ ಅವಳ ಮಂಡಿ ಓಯ್ತು. ನಮಗೆಲ್ಲ ಕೆಲ್ಸ ಕೊಟ್ಟಿರೋದೇ ಆಡ್ತೀವಿ ಅಂತ. ಬದ್ಲಿ ಆಟಗಾರ್ತಿ ಅಂತ ಎಂಗೋ ಅವಳ ಎಸ್ರು ಉಳಿಸ್ಕಂಡಿದೀವಿ. ಸಾಹೇಬ್ರಿಗೆ ಗೊತ್ತಾದ್ರೆ ಮನೆಗೆ ಕಳುಸ್ಬುಡ್ತಾರೆ."

ಅಷ್ಟರಲ್ಲಿ ಆ ಕುಳ್ಳಗಿದ್ದವಳೇ ಅಂದಳು: "ಎಂಗಾದ್ರೂ ಕೂತ್ಕತೀನಿ ಕಣಣ್ಣ. ಏಳೋವಾಗ ಮಾತ್ರ ಸಾಹೇಬ್ರು ಈ ಕಡೆ ನೋಡ್ದಂಗೆ ಮಾಡು."

ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದೆ.

ಸಾಹೇಬರು ಬಂದು, "ಯಾಕ್ರೀ, ಯಾರೂ ಕೂತಿಲ್ಲ?" ಅಂದರು.

"ನೆಲ ಕಾದಿದೆ ಸಾರ್," ಅಂದೆ.

"ಕಬಡ್ಡಿ ಆಡೋರಿಗೆ ನೆಲದ ಬಿಸಿ ಒಂದು ಲೆಕ್ಕವಾ?" ಅಂತ ನಕ್ಕರು. ನಾನು ಫೋಟೊ ತೆಗೆದೆ.

ಆ ಫೋಟೊ ಈಗ ಅವರ ಆಫೀಸಿನ ಗೋಡೆಯ ಮೇಲಿದೆ. ತೆಗೆದವನಿಗೆ ತಂಡವನ್ನು ಕೂರಿಸಿ ನಿಲ್ಲಿಸೋದೂ ಗೊತ್ತಿಲ್ಲ ಅಂತ ಸಾಹೇಬರು ಬಂದವರಿಗೆಲ್ಲ ಹೇಳುತ್ತಾರಂತೆ. ಹೇಳಲಿ ಬಿಡಿ. ಮದ್ದೂರಿನ ಸ್ಟುಡಿಯೊ ನನ್ನದೇ, ನನ್ನನ್ನು ಮನೆಗೆ ಕಳಿಸೋರು ಯಾರಿದ್ದಾರೆ?